ಬಟ್ಟೆಯ ಮಾಡಿನ ಗಾಡಿ

ಮಲೆನಾಡಿನಲ್ಲಿ ಹುಟ್ಟಿದವನಿಗೆ ಮನೆಯೆಂದರೆ ಮೊದಲು ಮಾಡು, ಆಮೇಲೆ ಉಳಿದದ್ದು. ಗೋಡೆ ಕುಸಿದರೆ ತಟ್ಟಿ ಕಟ್ಟಿಕೊಂಡಾನು. ಬಾಗಿಲು ಮುರಿದರೆ ಗೋಣಿತಾಟನ್ನು ಇಳಿಬಿಟ್ಟು ರಾತ್ರಿ ಕಳೆದಾನು. ಆದರೆ ಮಾಡು ಸೋರಿತೆಂದರೆ ಅವನಿಗೆ ನಿದ್ರೆಯಿಲ್ಲ. ಮೃಗಶಿರೆಯಲ್ಲಿ ಹಿಡಿದ ಮಳೆ ಮಘೆಯವರೆಗೂ ಬಿಡದ ಸೀಮೆ ನಮ್ಮದು. ಗದ್ದೆಗೆ ಹೋಗುವವರು ಕಂಬಳಿಕೊಪ್ಪೆಯನ್ನೋ ಗೊರಬನ್ನೋ ಹಾಕಿಕೊಂಡು, ತಮ್ಮ ಮಾಡನ್ನು ತಾವೇ ಹೊತ್ತು ತಿರುಗುತ್ತಿದ್ದ ನಾಡು. ಇಂಥ ನಾಡಿನಲ್ಲಿ, ಬೇಕೆಂದಾಗ ಮಾಡನ್ನು ಬಿಚ್ಚಿಡಬಹುದೆಂಬ ಒಂದೇ ಗುಣಕ್ಕೆ ಮನಸೋತು ಒಂದು ಮೋಟಾರು ಗಾಡಿಯನ್ನು ಮನೆಗೆ ತಂದವರು ನಾವು. ಅದನ್ನು ಜಾಣತನವೆಂದು ಆಗ ಯಾರೂ ಹೊಗಳಲಿಲ್ಲ; ಈಗ ನಾವೂ ಹೊಗಳಿಕೊಳ್ಳುತ್ತಿಲ್ಲ. ಆದರೆ ಮೂವತ್ತು ವರ್ಷ ಆ ಗಾಡಿಯೊಡನೆ ಸಂಸಾರ ಮಾಡಿದ ಮೇಲೆ, ಅದು ನಮಗೆ ಕಲಿಸಿದುದನ್ನು ಗೃಹಸ್ಥರಾದ ವಾಚಕರ ಮುಂದಿಡುವುದು ಅಪ್ರಕೃತವಾಗಲಾರದೆಂದು ನಂಬಿದ್ದೇವೆ.

ನಮ್ಮ ತೋಟವಿರುವುದು ಆಲೂರು ತಾಲ್ಲೂಕು ಮುಗಿದು ಸಕಲೇಶಪುರ ತಾಲ್ಲೂಕು ಮೊದಲಾಗುವ ಗಡಿಯಲ್ಲಿ. ಬಾಳ್ಳುಪೇಟೆಯ ಹೆದ್ದಾರಿಯಿಂದ ಒಳಕ್ಕೆ ಒಂದು ಹರದಾರಿ ಮಣ್ಣಿನ ದಾರಿ. ದೊಡ್ಡ ತೋಟವಲ್ಲ; ಕಾಫಿ, ನಡುನಡುವೆ ಮೆಣಸು, ತಗ್ಗಿನಲ್ಲಿ ನಾಲ್ಕು ಗದ್ದೆ. ನಮ್ಮ ತಂದೆಯವರ ಕಾಲದಲ್ಲಿ ಕಾಫಿ ಬೆಳೆಗಾರನ ಕೈಯಲ್ಲಿ ಒಟ್ಟಿಗೆ ಹಣ ಕಂಡವರಿಲ್ಲ. ೧೯೪೨ರ ಕಾಫಿ ಕಾಯಿದೆಯ ಅನಂತರ ಬೆಳೆದುದನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕು. ಹಣವಾದರೋ ಕಂತುಕಂತಾಗಿ ಬರಬೇಕು. ಒಂದು ವರ್ಷದ ಬೆಳೆಯ ಕೊನೆಯ ಕಂತು ಬರುವ ಹೊತ್ತಿಗೆ ಮುಂದಿನ ವರ್ಷದ ಕೊಯ್ಲೂ ಮುಗಿದಿರುತ್ತಿತ್ತು. ೧೯೯೦ರ ದಶಕದ ಮೊದಲಲ್ಲಿ ಆ ಕಟ್ಟು ಮೆಲ್ಲಮೆಲ್ಲನೆ ಸಡಿಲವಾಗಿ, ೧೯೯೬ರಲ್ಲಿ ಪೂರ್ತಿಯಾಗಿ ಬಿಚ್ಚಿಹೋಯಿತು. ಅದು ಸಡಿಲವಾಗುತ್ತಿದ್ದಾಗಲೇ, ೧೯೯೪ರ ಜೂನ್ ಜುಲೈ ತಿಂಗಳುಗಳಲ್ಲಿ ಬ್ರೆಜಿಲ್ ದೇಶದ ಕಾಫಿಯ ಮೇಲೆ ಎರಡು ಸಲ ಹಿಮ ಬಿದ್ದು ಗಿಡಗಳು ಕರಕಾದುವು. ಎಲ್ಲಿಯ ಬ್ರೆಜಿಲ್, ಎಲ್ಲಿಯ ಬಾಳ್ಳುಪೇಟೆ! ಅಲ್ಲಿಯವರ ಕಣ್ಣೀರು ಇಲ್ಲಿ ನಮ್ಮ ಕಣದಲ್ಲಿ ಹೊನ್ನಾಯಿತು. ಹಂಚು ಬದಲಾಯಿಸದ ಮನೆಯಿಲ್ಲ, ಗಾಡಿ ಕೊಳ್ಳದ ತೋಟವಿಲ್ಲ ಎನ್ನುವಂತಾಯಿತು. ಆ ಗಾಳಿಯಲ್ಲಿ ನಾವೂ ಹಾರಿದೆವು.

ತೆರೆದ ಕಾರಿನ ಹುಚ್ಚು ನಮ್ಮನ್ನು ಹಿಡಿದಿದ್ದು ಅದಕ್ಕೂ ಮುಂಚೆಯೇ. ಬೆಂಗಳೂರಿನಲ್ಲಿ ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ ಕೊಂಡಿದ್ದ ವಿದೇಶದ ಮೋಟಾರು ಪತ್ರಿಕೆಯಲ್ಲಿ, ಜಪಾನಿನ ಮಾಜ್ದಾ ಕಂಪೆನಿ ೧೯೮೯ರಲ್ಲಿ ಹೊರತಂದ ಪುಟ್ಟ ಮಿಯಾಟಾ ಕಾರಿನ ಚಿತ್ರವನ್ನು ನೋಡಿದ್ದೆವು. ಎರಡೇ ಆಸನ, ಮಡಿಚಿಡುವ ಬಟ್ಟೆಯ ಮಾಡು, ಮೇಲೆ ಬಯಲಾದ ಆಕಾಶ. ಅಮೆರಿಕದಲ್ಲಿ ಅದಕ್ಕಿಂತಲೂ ಅಗ್ಗವಾದ ಜಿಯೋ ಮೆಟ್ರೊ ಎಂಬ ಮೂರು ಸಿಲಿಂಡರಿನ ಕಾರನ್ನೂ ಮಾಡು ಬಿಚ್ಚುವಂತೆ ಮಾಡಿ ಮಾರುತ್ತಿದ್ದರು. ಅದು ಸುಜುಕಿಯವರ ಕಲ್ಟಸ್ ಕಾರಿನ ಬಳಗ. ಅದೇ ಬಳಗದ ಮುಚ್ಚಿದ ಕಾರು ನಮ್ಮಲ್ಲಿಗೆ ಮಾರುತಿ ೧೦೦೦ ಎಂಬ ಹೆಸರಿನಿಂದ ೧೯೯೦ರಲ್ಲಿ ಬಂತು. ಅಂದರೆ ಆಕಾಶ ಅವರಿಗೆ, ತಗಡು ನಮಗೆ! ಆಮೇಲೆ, ಆ ದಶಕದ ಕೊನೆಯಲ್ಲಿ, ಗೋವೆಯಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡಾಸನದ ಫೈಬರ್ ಮೈಯ ಪುಟ್ಟ ತೆರೆದ ಕಾರನ್ನು ಮಾಡಿದರು; ಅದು ಹೆಚ್ಚು ಜನರ ಮನೆ ಸೇರಲಿಲ್ಲ. ನಮ್ಮ ಘಟ್ಟದ ದಾರಿಯ ಕಲ್ಲುಗಳ ಮೇಲೆ ಅದು ಎಷ್ಟು ದಿನ ಬದುಕುತ್ತಿತ್ತೋ ದೇವರೇ ಬಲ್ಲ.

ಮಧ್ಯಮ ಸ್ಥಿತಿಯ ಗೃಹಸ್ಥನಿಗೆ ಎಟುಕುವಂತೆ ಮಾಡು ತೆರೆಯುವ ಗಾಡಿಯೆಂದರೆ ನಮ್ಮ ಸೀಮೆಯಲ್ಲಿ ಎರಡೇ: ಮಹೀಂದ್ರ ಜೀಪು, ಮಾರುತಿ ಜಿಪ್ಸಿ. ಜೀಪು ದುಡಿಯುವ ಎತ್ತು. ಗೊಬ್ಬರ, ಆಳು, ಕಾಫಿ ಮೂಟೆ, ಯಾವುದಕ್ಕೂ ಬೇಡವೆನ್ನದು. ಜಿಪ್ಸಿಯು ೧೯೮೫ರಲ್ಲಿ ಹೊರಬಂದದ್ದು. ಅದರ ಒಡಹುಟ್ಟನ್ನೇ ಅಮೆರಿಕದಲ್ಲಿ ಸಮುರಾಯ್ ಎಂದು ಕರೆದು, ಕಡಲ ತೀರದಲ್ಲಿ ಬಿಸಿಲು ಕಾಯುವ ತರುಣರಿಗೆ ಅಗ್ಗದ ತೆರೆದ ಕಾರಾಗಿ ಮಾರಿದರು. ಇಲ್ಲಿ ಅದನ್ನು ಕೊಂಡವರು ಸೈನ್ಯದವರು, ಪೊಲೀಸರು, ಅರಣ್ಯ ಇಲಾಖೆಯವರು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ವಿಲಾಸಿ, ಇನ್ನೊಬ್ಬ ಪೇದೆ! ನಾವು ೧೯೯೫ರಲ್ಲಿ ಹಾಸನದಲ್ಲಿ ೧೯೯೧ರ ಒಂದು ಹಳೆಯ ಜಿಪ್ಸಿಯನ್ನು, ಕಾಫಿಯ ಹಣಕ್ಕೆ ಸ್ವಲ್ಪ ಸಾಲ ಸೇರಿಸಿ ಕೊಂಡೆವು. ೯೭೦ ಸಿ.ಸಿ.ಯ ಪೆಟ್ರೋಲ್ ಎಂಜಿನ್, ನಾಲ್ಕು ಗೇರು, ಬೇಕಾದಾಗ ನಾಲ್ಕು ಚಕ್ರಗಳಿಗೂ ಬಲ ಕೊಡುವ ಇನ್ನೊಂದು ಗಿಡ್ಡ ಸನ್ನೆ, ಹಿಂದೆ ಎದುರುಬದುರಾಗಿ ಎರಡು ಬೆಂಚು, ಮೇಲೆ ಕ್ಯಾನ್‌ವಾಸಿನ ಹುಡ್ಡು.

ಮನೆಯವರಿಗೆ ಬೇಕಾಗಿದ್ದುದು ಇದಲ್ಲ. ಅವರು ಕೇಳಿದ್ದು ಮಾರುತಿ ಓಮ್ನಿ. ನಮ್ಮ ತಾಯಿಯವರಿಗೆ ಉಬ್ಬಸ, ಮಕ್ಕಳಿಬ್ಬರೂ ಸಣ್ಣವರು, ಬಾಗಿಲೆಳೆದರೆ ಬೆಚ್ಚಗೆ ಕುಳಿತುಕೊಳ್ಳುವ ಗಾಡಿಯಾದರೆ ಸಾಕೆಂದು ಅವರ ವಾದ. ನಾವು ಮಣ್ಣಿನ ದಾರಿಯ ನೆಪ ಹೇಳಿದೆವು. ನಾಲ್ಕು ಚಕ್ರದ ಬಲದ ನೆಪ ಹೇಳಿದೆವು. ಅವೆರಡೂ ಸುಳ್ಳಲ್ಲ, ಆದರೆ ನಿಜವಾದ ಕಾರಣವೂ ಅಲ್ಲ. ನಿಜವಾದ ಕಾರಣ ಆ ಪತ್ರಿಕೆಯ ಚಿತ್ರ. ಗಾಡಿ ಅಂಗಳಕ್ಕೆ ಬಂದು ನಿಂತಾಗ, ನಾವು ಹೆಮ್ಮೆಯಿಂದ ಹುಡ್ಡನ್ನು ಬಿಚ್ಚಿ ತೋರಿಸಿದೆವು. ತಾಯಿಯವರು ಜಗಲಿಯಿಂದಲೇ ನೋಡಿ, “ಮಗಾ, ಇಷ್ಟು ದುಡ್ಡು ಕೊಟ್ಟೂ ಮಾಡಿಲ್ಲದ ಗಾಡಿ ತಂದೆಯಲ್ಲೋ! ಮಾಡು ಹಾಕಿಸಲು ದುಡ್ಡು ಸಾಲದೇ ಹೋಯಿತೆ?” ಎಂದರು. ಮನೆಯವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಒಳಗೆ ಹೋಗಿ ಆರತಿಯ ತಟ್ಟೆಯನ್ನು ತಂದರು.

ಈ ಹುಡ್ಡಿನ ವಿಚಾರವನ್ನು ಸ್ವಲ್ಪ ವಿವರಿಸಬೇಕು. ಗಾಡಿಯ ಮೇಲೆ ಕಬ್ಬಿಣದ ಕಮಾನುಗಳು. ಅವುಗಳ ಮೇಲೆ ಬಟ್ಟೆ. ಬಟ್ಟೆಯ ಅಂಚಿನಲ್ಲಿ ಗುಂಡಿಗಳು, ಕೊಕ್ಕೆಗಳು, ಹಗ್ಗ. ಹಿಂದೆ ನೋಡಲು ಪ್ಲಾಸ್ಟಿಕ್ಕಿನ ಕಿಟಕಿ. ಬಿಚ್ಚುವುದು ಒಬ್ಬನ ಕೆಲಸ. ಹಗ್ಗ ಸಡಿಲಿಸಿ, ಗುಂಡಿಗಳನ್ನು ಟಪಟಪನೆ ಕಿತ್ತು, ಚಾಪೆ ಸುತ್ತಿದಂತೆ ಸುತ್ತಿದರೆ ಹತ್ತು ನಿಮಿಷದಲ್ಲಿ ಮುಗಿಯಿತು. ಕಟ್ಟುವುದು ಹಾಗಲ್ಲ. ಬಲಗಡೆಯ ಗುಂಡಿ ಹಾಕಿದರೆ ಎಡಗಡೆಯದು ಎಟುಕದು. ಎಡಗಡೆಯದನ್ನು ಎಳೆದು ಕೂಡಿಸಿದರೆ ಬಲಗಡೆಯದು ಕಿತ್ತುಕೊಳ್ಳುವುದು. ಬಟ್ಟೆ ನೆನೆದಿದ್ದರಂತೂ ಮಣಭಾರ. ಆಚೆ ಬದಿಯಲ್ಲಿ ಇನ್ನೊಬ್ಬರು ನಿಂತು ಇವರು ಎಳೆದಷ್ಟೇ ಎಳೆಯಬೇಕು. ಹೆಚ್ಚೂ ಆಗಬಾರದು, ಕಡಮೆಯೂ ಆಗಬಾರದು. ಬಿಚ್ಚುವುದಕ್ಕೊಬ್ಬ, ಕಟ್ಟುವುದಕ್ಕಿಬ್ಬರು. ಇದು ನಮಗೆ ಮೊದಲನೆಯ ದಿನವೇ ಗೊತ್ತಾಯಿತು. ಆದರೆ ಇದರ ಅರ್ಥ ಗೊತ್ತಾದದ್ದು ಬಹಳ ತಡವಾಗಿ.

ಮೊದಲ ಬೇಸಗೆ ಸ್ವರ್ಗದಂತೆ ಕಳೆಯಿತು. ಮಾಘ ಫಾಲ್ಗುಣದಲ್ಲಿ ಒಂದು ಹದ ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಒಂದೇ ಬೆಳಗಿನಲ್ಲಿ ಬಿಳುಪಾಗುತ್ತದೆ. ಮುಚ್ಚಿದ ಗಾಡಿಯಲ್ಲಿ ಹೋಗುವವರಿಗೆ ಅದು ನೋಟ ಮಾತ್ರ. ನಮಗೆ ಅದರ ಮಲ್ಲಿಗೆಯಂಥ ಕಂಪು, ಆ ಕಂಪಿಗೆ ಮುತ್ತುವ ಜೇನುಹುಳುಗಳ ಮೊರೆತ, ಹಾಲುವಾಣದ ಮರದ ಮೇಲಿನ ಹಕ್ಕಿಯ ಕೂಗು, ಎಲ್ಲವೂ ಬಿಟ್ಟಿಯಾಗಿ ಗಾಡಿಯೊಳಕ್ಕೇ ಬಂದು ಕೂಡುತ್ತಿದ್ದುವು. ಮಂಜರಾಬಾದಿನ ಕೋಟೆಗೆ ಮಕ್ಕಳನ್ನು ಕರೆದೊಯ್ದೆವು. ಟಿಪ್ಪು ಸುಲ್ತಾನನು ೧೭೯೨ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯದು. ಬಿಸಿಲೆಯ ಘಟ್ಟದ ಕಡೆಗೆ ಹೋಗಿ ಬೆಟ್ಟದ ಸಾಲುಗಳನ್ನು ನೋಡಿ ಬಂದೆವು. ದಾರಿಯಲ್ಲಿ ಸಿಕ್ಕವರೆಲ್ಲ ಮಾತನಾಡಿಸುತ್ತಿದ್ದರು. ಗಾಜಿಲ್ಲ, ಗೋಡೆಯಿಲ್ಲ, ಮುಖ ತಿರುಗಿಸಿಕೊಂಡು ಹೋಗುವಂತೆಯೂ ಇಲ್ಲ. ಕೊಡಬೇಕಾದ ಬಾಕಿಯವರಿಗೂ ನಾವು ಅಷ್ಟೇ ಸುಲಭವಾಗಿ ಸಿಕ್ಕುತ್ತಿದ್ದೆವೆಂಬುದನ್ನು ಮುಚ್ಚಿಡುವುದಿಲ್ಲ. ಹುಡ್ಡನ್ನು ಗಾಡಿಯಲ್ಲಿ ಸುತ್ತಿಟ್ಟುಕೊಂಡರೆ ಹಿಂದೆ ಕುಳಿತವರಿಗೆ ಜಾಗ ಕಡಮೆಯೆಂದು ಅದನ್ನು ಮನೆಯ ಅಟ್ಟದ ಮೇಲೆಯೇ ಬಿಡುವುದು ಅಭ್ಯಾಸವಾಯಿತು.

೧೯೯೬ರ ಮೇ ತಿಂಗಳ ಕೊನೆಯಲ್ಲಿ ಹಾಸನದಲ್ಲಿ ನೆಂಟರ ಮನೆಯ ಮದುವೆ. ಹೊರಡುವಾಗ ಆಕಾಶದಲ್ಲಿ ಒಂದು ತುಂಡು ಮೋಡವಿರಲಿಲ್ಲ. ಮನೆಯವರು, “ಹುಡ್ಡು ಕಟ್ಟಿಕೊಳ್ಳೋಣ, ರೋಹಿಣಿ ಮಳೆಯ ಕಾಲ” ಎಂದರು. ನಾವು ನಕ್ಕೆವು. ಮದುವೆಯ ಮನೆಯ ಮುಂದೆ ತೆರೆದ ಗಾಡಿಯಲ್ಲಿ ಇಳಿಯಬೇಕೆಂಬ ಚಪಲ. ಇಳಿದೆವು, ಹತ್ತು ಜನ ನೋಡಿದರು, ನಮ್ಮ ಚಪಲ ತೀರಿತು. ಸಂಜೆ ಹಿಂದಿರುಗುವಾಗ ಆಲೂರು ದಾಟಿ ಪಾಳ್ಯದ ಹತ್ತಿರ ಬರುವಷ್ಟರಲ್ಲಿ ಪಡುವಣದಿಂದ ಕರಿಯ ಗೋಡೆಯೊಂದು ಎದ್ದು ಬಂತು. ಗುಡುಗು, ಗಾಳಿ, ಆನೆಕಲ್ಲು. ನಿಲ್ಲಲು ಸೂರಿಲ್ಲ, ಮರದಡಿ ನಿಲ್ಲಲು ಸಿಡಿಲಿನ ಭಯ. ಮನೆಯವರು ತಮ್ಮ ಮದುವೆಯ ರೇಷ್ಮೆಸೀರೆಯ ಸೆರಗಿನಲ್ಲಿ ಮಕ್ಕಳನ್ನು ಮುಚ್ಚಿದರು. ಕಾಲಡಿಯ ರಬ್ಬರು ಹಾಸನ್ನು ಎತ್ತಿ ತಾಯಿಯವರ ತಲೆಯ ಮೇಲೆ ಹಿಡಿದರು. ಬಾಳ್ಳುಪೇಟೆಯವರೆಗೆ, ಆಮೇಲೆ ಆ ಒಂದು ಹರದಾರಿ ಮಣ್ಣಿನ ದಾರಿಯುದ್ದಕ್ಕೂ, ಆ ಎತ್ತಿದ ಕೈ ಇಳಿಯಲಿಲ್ಲ. ಯಾರೂ ಒಂದು ಮಾತೂ ಆಡಲಿಲ್ಲ. ಅಟ್ಟದ ಮೇಲೆ ಹುಡ್ಡು ಬೆಚ್ಚಗೆ ಮಲಗಿತ್ತು.

ಮೂರನೆಯ ದಿನ ತಾಯಿಯವರಿಗೆ ಜ್ವರ ಬಂತು. ಅದು ನ್ಯೂಮೋನಿಯಾಕ್ಕೆ ತಿರುಗಿತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ವೈದ್ಯರು, ಹಳೆಯ ಉಬ್ಬಸದ ಎದೆ, ನೆನೆದುದರಿಂದಲೇ ಆಯಿತೆಂದು ಹೇಳಲಾಗದು ಎಂದು ಸಮಾಧಾನ ಮಾಡಿದರು. ವೈದ್ಯಶಾಸ್ತ್ರ ಹಾಗೆ ಹೇಳಬಹುದು; ರಾತ್ರಿಯೆಲ್ಲ ಆ ಉಸಿರಿನ ಸಿಳ್ಳನ್ನು ಕೇಳುತ್ತ ಬೆಂಚಿನ ಮೇಲೆ ಕುಳಿತಿದ್ದ ಮಗನ ಮನಸ್ಸು ಹಾಗೆ ಹೇಳಲಿಲ್ಲ. ಆರನೆಯ ರಾತ್ರಿ ಮನೆಯವರೊಡನೆ, “ಗಾಡಿಯನ್ನು ಮಾರಿಬಿಡುತ್ತೇನೆ” ಎಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಗಾಡಿ ಏನು ಮಾಡಿತು? ಮಾಡನ್ನು ಬಿಚ್ಚಿದಿರಿ, ಸರಿ. ಬಿಚ್ಚುವಾಗ ನಮ್ಮಲ್ಲಿ ಯಾರನ್ನು ಕೇಳಿದಿರಿ?” ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಯೋಚಿಸಿ ನೋಡಿದರೆ ನಾವು ಕೇಳದೆ ಬಿಚ್ಚಿದುದು ಹುಡ್ಡೊಂದನ್ನೇ ಅಲ್ಲ. ಸಾಲದ ಪತ್ರಕ್ಕೆ ರುಜು ಹಾಕುವಾಗ ಕೇಳಿರಲಿಲ್ಲ. ಗಾಡಿಯನ್ನು ಆರಿಸುವಾಗ ಕೇಳಿದರೂ ಕಿವಿಗೊಟ್ಟಿರಲಿಲ್ಲ. ಬಿಚ್ಚುವ ಸಂತೋಷವೆಲ್ಲ ಒಬ್ಬನದು. ಕಟ್ಟುವ ಹೊತ್ತಿಗೆ ಮಾತ್ರ ಆಚೆ ಬದಿಯಲ್ಲಿ ಅವರು ಬಂದು ನಿಲ್ಲಬೇಕು!

ತಾಯಿಯವರು ಗುಣವಾಗಿ ಮನೆಗೆ ಬಂದರು. ಅಂದಿನಿಂದ ಮನೆಯಲ್ಲಿ ಒಂದು ಕಟ್ಟಳೆಯಾಯಿತು: ಗಾಡಿಯಲ್ಲಿ ಕೂರುವವರೆಲ್ಲರೂ ಒಪ್ಪಿದ ಹೊರತು ಹುಡ್ಡು ಇಳಿಯಕೂಡದು, ಇಳಿದರೂ ಅದು ಗಾಡಿಯಲ್ಲಿಯೇ ಇರಬೇಕು. ಆ ವರ್ಷವೆಲ್ಲ ಯಾರೂ ಕೇಳಲಿಲ್ಲ, ನಾವೂ ಕೇಳುವ ಧೈರ್ಯ ಮಾಡಲಿಲ್ಲ. ಮುಂದಿನ ಮಾರ್ಚಿಯಲ್ಲಿ ಹೂವರಳಿದ ದಿನ, ಕೆಂಚಮ್ಮನ ಹೊಸಕೋಟೆಗೆ ದೇವಿಯ ಹರಕೆ ತೀರಿಸಲು ಹೊರಟಿದ್ದೆವು. ತಾಯಿಯವರು ಗಾಡಿ ಹತ್ತಿ ಕುಳಿತು, ಬಟ್ಟೆಯ ಮಾಡನ್ನು ಬೆರಳಿನಿಂದ ತಟ್ಟಿ, “ಇದನ್ನು ತೆಗೆಯೋ ಮಗಾ, ಹೂವಿನ ವಾಸನೆಯೇ ಬರುತ್ತಿಲ್ಲ” ಎಂದರು. ನಾವು ಮನೆಯವರ ಮುಖ ನೋಡಿದೆವು. ಅವರು ಮಾತಾಡದೆ ಇಳಿದು, ಎಡಗಡೆಯ ಹಗ್ಗವನ್ನು ತಾವೇ ಬಿಚ್ಚತೊಡಗಿದರು. ಆ ದಿನ ತಾಯಿಯವರು ತೋಟದ ದಾರಿಯುದ್ದಕ್ಕೂ ತಲೆಯ ಮೇಲಿನ ಸೆರಗನ್ನು ಜಾರಲು ಬಿಟ್ಟು ಕುಳಿತಿದ್ದರು. ಅವರು ಹಾಗೆ ಕುಳಿತುದನ್ನು ನಾವು ಹಿಂದೆಂದೂ ನೋಡಿರಲಿಲ್ಲ.

ಹೊನ್ನಿನ ದಿನಗಳು ಬಹಳ ಕಾಲ ನಿಲ್ಲಲಿಲ್ಲ. ದೇಶದೇಶಗಳ ನಡುವೆ ಕಾಫಿಯ ಪಾಲನ್ನು ಗೊತ್ತುಪಡಿಸುತ್ತಿದ್ದ ಒಪ್ಪಂದ ೧೯೮೯ರಲ್ಲಿಯೇ ಮುರಿದಿತ್ತು. ವಿಯೆಟ್ನಾಮಿನವರು ರೊಬಸ್ಟಾವನ್ನು ರಾಶಿರಾಶಿಯಾಗಿ ಬೆಳೆದರು. ೨೦೦೧ರ ಹೊತ್ತಿಗೆ ಮೂವತ್ತು ವರ್ಷಗಳಲ್ಲಿ ಕಾಣದಷ್ಟು ಕೆಳಕ್ಕೆ ಬೆಲೆ ಬಿತ್ತು. ಕೊಯ್ದ ಕೂಲಿ ಹುಟ್ಟುವುದೂ ಕಷ್ಟವಾಯಿತು. ಆಗ ಗಾಡಿಯನ್ನು ಕೇಳಿಕೊಂಡು ಒಬ್ಬರು ಬಂದರು. ಈ ಸಲ ನಾವು ಮೊದಲೇ ಮನೆಯವರನ್ನು ಕೇಳಿದೆವು. ಅಷ್ಟು ಹೊತ್ತಿಗೆ ಅವರು ಗಾಡಿ ನಡೆಸುವುದನ್ನು ಕಲಿತಿದ್ದರು. ಮಳೆಗಾಲದ ಕೆಸರಿನಲ್ಲಿ ಗಿಡ್ಡ ಸನ್ನೆಯನ್ನು ಎಳೆದು, ಮಕ್ಕಳನ್ನು ಹೆದ್ದಾರಿಯ ಬಸ್ಸಿಗೆ ಮುಟ್ಟಿಸಿ, ಮೆಣಸಿನ ಮೂಟೆಯನ್ನು ಸಕಲೇಶಪುರದ ಅಂಗಡಿಗೆ ಹಾಕಿ ಬರುವುದು ಅವರ ಕೆಲಸವಾಗಿತ್ತು. ಲೆಕ್ಕದ ಪುಸ್ತಕವನ್ನು ತಂದು ಮುಂದಿಟ್ಟು, “ಇದನ್ನು ಮಾರಿದರೆ ಸಾಲದ ಬಡ್ಡಿ ತೀರುತ್ತದೆ, ಅಸಲು ಹಾಗೆಯೇ ಉಳಿಯುತ್ತದೆ, ಮಳೆಗಾಲಕ್ಕೆ ದಾರಿ ಇಲ್ಲವಾಗುತ್ತದೆ. ಸಿಲ್ವರ್ ಓಕ್ ಮರ ಮಾರೋಣ” ಎಂದರು. ಗಡಿಯಂಚಿನ ಮರಗಳನ್ನು ಮಾರಿದೆವು, ಗಾಡಿ ಉಳಿಯಿತು. ಅದನ್ನು ಬೇಡವೆಂದಿದ್ದವರೇ ಅದನ್ನು ಉಳಿಸಿದರು. ಬೇಕೆಂದು ತಂದವರು ಮಾರಲು ಸಿದ್ಧರಾಗಿದ್ದರು.

ಈಗ ಕಾಲ ಮತ್ತೆ ತಿರುಗಿದೆ. ಆಲೂರು ಸಕಲೇಶಪುರದ ತೋಟಗಳಲ್ಲಿ ಆನೆಗಳು ನೆಲೆಯೂರಿವೆ. ೨೦೧೪ರ ವೇಳೆಗೆ ನ್ಯಾಯಾಲಯದ ಆಜ್ಞೆಯಂತೆ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಈ ಸೀಮೆಯಿಂದ ಹಿಡಿದು ಸಾಗಿಸಿದರೂ ಅವುಗಳ ಜಾಗಕ್ಕೆ ಬೇರೆಯವು ಬಂದುವು. ಆನೆಗಳು ಎಲ್ಲಿವೆಯೆಂದು ತಿಳಿಸುವ ಸಂದೇಶಗಳು ಮೊಬೈಲಿಗೆ ಬರುವ ಏರ್ಪಾಡಾಗಿದೆ. ಅವನ್ನು ನೋಡದೆ ಕೊಯ್ಲಿನ ಆಳುಗಳನ್ನು ತೋಟಕ್ಕೆ ಇಳಿಸುವಂತಿಲ್ಲ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ತೆರೆದ ಗಾಡಿಯಲ್ಲಿ ಹೋಗುವ ಎದೆ ನಮಗಿಲ್ಲ. ಕ್ಯಾನ್‌ವಾಸಿನ ಬಟ್ಟೆ ಆನೆಯನ್ನೇನು ತಡೆದೀತು ಎನ್ನಬಹುದು; ನಿಜ, ಆದರೂ ತಲೆಯ ಮೇಲೊಂದು ಮಾಡಿದ್ದರೆ ಮನುಷ್ಯನಿಗೆ ಧೈರ್ಯ. ವರ್ಷಕ್ಕೆ ಒಂದೋ ಎರಡೋ ಸಲ, ಹೂವಿನ ದಿನಗಳಲ್ಲಿ, ನಡುಹಗಲಿನಲ್ಲಿ ಮಾತ್ರ ಹುಡ್ಡು ಇಳಿಯುತ್ತದೆ.

೨೦೨೪-೨೫ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದು, ತೋಟದ ದಾರಿಗಳಲ್ಲಿ ಹೊಸ ಥಾರ್ ಗಾಡಿಗಳು ಓಡಾಡತೊಡಗಿವೆ. ೨೦೨೦ರ ಥಾರ್ ಬಟ್ಟೆಯ ಮಾಡಿನಲ್ಲಿಯೂ ಬಂದಿತು. ಆದರೆ ನಮ್ಮ ನೆರೆಯಲ್ಲಿ ಕೊಂಡವರೆಲ್ಲ ತಗಡಿನ ಮಾಡನ್ನೇ ಆರಿಸಿದ್ದಾರೆ. ಜಿಪ್ಸಿಯ ಮಾರಾಟ ೨೦೧೯ರಲ್ಲಿಯೇ ನಿಂತಿತು. ಹಳೆಯ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ೬೦೦ ರೂಪಾಯಿಯಿದ್ದ ಆ ಶುಲ್ಕ ೨೦೨೨ರಲ್ಲಿ ೫,೦೦೦ಕ್ಕೇರಿ, ೨೦೨೫ರಲ್ಲಿ ಇಪ್ಪತ್ತು ವರ್ಷ ಮೀರಿದವಕ್ಕೆ ೧೦,೦೦೦ ಆಯಿತು. ಹಸಿರು ತೆರಿಗೆ ಬೇರೆ. ಬೆಂಗಳೂರಿನಲ್ಲಿರುವ ಮಗ, “ಅಪ್ಪಾ, ಆ ದುಡ್ಡಿಗೆ ಅದರ ಬೆಲೆಯೇ ಇಲ್ಲ. ನಿಮಗಿಬ್ಬರಿಗೂ ವಯಸ್ಸಾಯಿತು, ಮುಚ್ಚಿದ ಗಾಡಿ ಕೊಳ್ಳಿ” ಎನ್ನುತ್ತಾನೆ. ಅವನ ಮಾತು ತಪ್ಪಲ್ಲ. ಮೂವತ್ತು ವರ್ಷದ ಹಿಂದೆ ಅವನ ತಾಯಿ ಹೇಳಿದ್ದ ಮಾತೇ ಅದು. ಅಂದು ಸರಿಯಾಗಿದ್ದುದು ಇಂದು ಹೇಗೆ ತಪ್ಪಾದೀತು? ಮುಚ್ಚಿದ ಗಾಡಿಯನ್ನೂ ಕೊಳ್ಳೋಣವೆಂದು ಈ ಸಲ ಕೂಡಿ ನಿಶ್ಚಯಿಸಿದ್ದೇವೆ. ಜಿಪ್ಸಿಯನ್ನು ಮಾತ್ರ ಕೊಡುವುದಿಲ್ಲವೆಂದು ಮನೆಯವರೇ ಹೇಳಿದ್ದಾರೆ. ಕಾರಣವನ್ನು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

ತಾಯಿಯವರು ತೀರಿಕೊಂಡು ಬಹಳ ವರ್ಷಗಳಾದುವು. ಹುಡ್ಡು ಹರಿದು ಎರಡು ಸಲ ಹೊಸದನ್ನು ಹೊಲಿಸಿದ್ದಾಯಿತು. ಹೋದ ಹೂವಿನ ದಿನ ಸಂಜೆ ಮೋಡ ಕವಿಯುವುದನ್ನು ಕಂಡು, ಬಾಳ್ಳುಪೇಟೆಯ ದಾರಿಯಲ್ಲಿ ಗಾಡಿ ನಿಲ್ಲಿಸಿ ಇಬ್ಬರೂ ಇಳಿದೆವು. ಅವರು ಆ ಬದಿಗೆ, ನಾವು ಈ ಬದಿಗೆ. ಈಗ ಇಬ್ಬರ ಬೆರಳುಗಳಲ್ಲಿಯೂ ಮೊದಲಿನ ಬಲವಿಲ್ಲ. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ. “ಎಳೆಯಿರಿ” ಎಂದು ಅವರೂ, “ತಡೆ, ಸಡಿಲ ಬಿಡು” ಎಂದು ನಾವೂ ಕೂಗಾಡಿ, ಕೊನೆಗೆ ಕೂರಿಸಿದೆವು. ಕೊನೆಯ ಗುಂಡಿಯೊಂದು ಎಷ್ಟೆಳೆದರೂ ಕೂಡಲೊಲ್ಲದು. ಅಲ್ಲಿಂದ ಮಳೆಯ ಹನಿ ತೊಟ್ಟಿಕ್ಕುವುದು ನಡೆಸುವವರ ಬಲಭುಜದ ಮೇಲೆ. ಆ ಸಂಜೆ ಗಾಡಿ ನಡೆಸಿದವರು ನಾವು, ನೆನೆದವರೂ ನಾವೇ. ಅದೇ ನ್ಯಾಯವೆಂದು ತೋರಿತು.